ಕೊರಗಪ್ಪನ ಬ್ಯಾಂಡ್ ಹುಡುಗಿಯರು

ಕುವೈತಿನಲ್ಲಿ ಏನು ಕೆಲಸವೆಂದು ಊರಲ್ಲಿ ಯಾರಾದರೂ ಕೇಳಿದರೆ ಕೊರಗಪ್ಪ "ಪುಸ್ತಕದ ಕಂಪೆನಿಯಲ್ಲಿ" ಎಂದು ಮಾತು ತೇಲಿಸಿಬಿಡುತ್ತಿದ್ದ. ಹೇಳುವುದಾದರೂ ಹೇಗೆ ಹೇಳಿ? ರಾಯ್ ಎಂಬ ಪೇಟೆಯ ಒಂದು ಗೋದಾಮಿನಲ್ಲಿ ಕುಳಿತು, ಹೊರದೇಶದಿಂದ ಬರುವ ಪತ್ರಿಕೆಗಳನ್ನು ಪುಟಪುಟವಾಗಿ ಬಿಡಿಸಿ, ಹೆಂಗಸರ ಕಾಲಿಗೆ ಮಸಿ ಬಳಿಯುವುದು ಅವನ ಕೆಲಸ. ನಗಬೇಡಿ. ಅದೂ ಒಂದು ಕೆಲಸವೇ, ಅದಕ್ಕೂ ಬೆನ್ನು ನೋಯುತ್ತದೆ.

1994ರಲ್ಲಿ ಸೇರಿದ ದಿನವೇ ಗೋದಾಮಿನ ಸೂಪರ್‌ವೈಸರ್ ಹಂಝಾಕ ಕೈಗೊಂದು ದಪ್ಪ ಮಾರ್ಕರ್ ಕೊಟ್ಟು ಪಾಠ ಮುಗಿಸಿದ್ದ. "ಮೊಣಗಂಟಿಂದ ಮೇಲೆ ಕಂಡದ್ದಕ್ಕೆಲ್ಲ ಕಪ್ಪು. ತೋಳಿಗೂ ಕಪ್ಪು. ಒಂದು ಪುಟ ತಪ್ಪಿದರೂ ನಿನ್ನ ಇಕಾಮಾ ಖಲಾಸ್, ಇಲ್ಲಿರುವ ಪರ್ಮಿಟ್ಟೇ ಹೋಯ್ತು, ಸೀದಾ ಊರಿಗೆ. ಗೊತ್ತಾಯ್ತಾ?" ಗೊತ್ತಾಗದೆ ಏನು! ಆ ಮಾತು ಕೊರಗಪ್ಪನ ಹೊಟ್ಟೆಯೊಳಗೆ ಹೋಗಿ ಕುಳಿತದ್ದು ಮತ್ತೆ ಏಳಲೇ ಇಲ್ಲ. ಉಳಿದವರು ಗೀಚಿ ಬಿಸಾಡುತ್ತಿದ್ದರೆ ಅವನು ಲಂಗದ ಅಂಚು ಹಿಡಿದು, ಅದೇ ಬಟ್ಟೆಗೆ ಇನ್ನೊಂದು ಮೊಳ ಸೇರಿಸಿ ಹೊಲಿದಂತೆ ಅಚ್ಚುಕಟ್ಟಾಗಿ ತುಂಬುತ್ತಿದ್ದ.

ಮೂರು ವರ್ಷ ಕಳೆದ ಮೇಲೆ, ಒಂದು ಶುಕ್ರವಾರದ ಸಂತೆಯಲ್ಲಿ, ದೇಶ ಬಿಟ್ಟುಹೋದ ಯಾರದೋ ಮನೆಯ ಹಳೇ ಸಾಮಾನುಗಳ ನಡುವೆ ಅವನಿಗೆ ಮೊದಲ ಕಾರ್ಡು ಸಿಕ್ಕಿತು. ಕಂದುಬಣ್ಣಕ್ಕೆ ತಿರುಗಿದ ಫೋಟೋ, ಹಿಂದುಗಡೆ ವಿಳಾಸ ಬರೆಯುವ ಗೆರೆಗಳು. ಯಾವುದೋ ಊರಿನ ಬೀದಿಯಲ್ಲಿ ಬ್ಯಾಂಡಿನವರ ಮುಂದೆ ಒಬ್ಬಳು ಹುಡುಗಿ, ತಲೆಯ ಮೇಲೆ ಎತ್ತರದ ಟೊಪ್ಪಿ, ಮೊಣಗಂಟು ಮುಟ್ಟದ ಲಂಗ, ಕೈಯಲ್ಲಿ ತಿರುಗುತ್ತಿರುವ ಕೋಲು. ಒಂದು ಮಂಡಿ ಎದೆಯ ತನಕ ಎದ್ದಿದೆ. ಹಿಂದೆ ಮೀಸೆ ಹೊತ್ತ ಇಪ್ಪತ್ತು ಗಂಡಸರು ಕಹಳೆ ಊದುತ್ತ ಅವಳು ಹೋದಲ್ಲಿಗೆ ಬರುತ್ತಿದ್ದಾರೆ.

ಕೊರಗಪ್ಪ ಅಲ್ಲಿಯೇ ನಿಂತುಬಿಟ್ಟ. ಮೂರು ವರ್ಷದಲ್ಲಿ ಪತ್ರಿಕೆಗಳಲ್ಲಿ ಅವನು ಕಂಡ ಹೆಂಗಸರೆಲ್ಲ ಒರಗಿಕೊಂಡವರು, ಇಲ್ಲವೇ ಮಲಗಿದವರು. ನಡೆಯುವವಳನ್ನು ಕಂಡದ್ದು ಇದೇ ಮೊದಲು. ಅಬ್ಬಾ, ಎಂಥಾ ನಡಿಗೆ! ಅವನ ಕಣ್ಣಲ್ಲಿ ನೀರೇ ಬಂತು.

"ಇವರಿಗೆ ಮೇಜರೆಟ್ ಅಂತಾರೆ ಕೊರಗಪ್ಪಣ್ಣ," ಎಂದು ಹೇಳಿಕೊಟ್ಟದ್ದು ಹೆನ್ರಿ. ರಿಗ್ಗೈಯಲ್ಲಿ ಕಂಪೆನಿ ಕೊಟ್ಟ ಕೋಣೆಯಲ್ಲಿ ಅವನದು ಪಕ್ಕದ ಮಂಚ, ಊರಿನ ಕಡೆಯ ಶಿರ್ವದವನು, ಕಂಪೆನಿಯ ವ್ಯಾನ್ ಓಡಿಸುವವನು. "ಬ್ಯಾಂಡಿಗೆ ಇವರೇ ಲೀಡರ್."

ಅಂದಿನಿಂದ ಶುಕ್ರವಾರ ಬಂತೆಂದರೆ ಕೊರಗಪ್ಪ ಸಂತೆಗೆ ಹಾಜರು. ನಾಲ್ಕು ವಾರ ಹುಡುಕಿದರೆ ಒಂದು ಸಿಗುವುದು, ಕೆಲವೊಮ್ಮೆ ಆರು ತಿಂಗಳು ಏನೂ ಇಲ್ಲ. ಕನ್ನಡಕ ಹಾಕಿದ ದಪ್ಪ ಹುಡುಗಿಯೊಬ್ಬಳು, ಕೆಸರಿಗೆ ಬಿದ್ದ ಕೋಲನ್ನು ನಗುತ್ತ ಹೆಕ್ಕುವವಳು, ಕೋಲನ್ನು ಫೋಟೋದ ಆಚೆಗೇ ಎಸೆದು ಎರಡೂ ಕೈ ಚಾಚಿ ಮೇಲೆ ನೋಡುತ್ತಿರುವವಳು. ಹದಿನೇಳು ವರ್ಷ ತುಂಬುವಾಗ ಬಿಸ್ಕತ್ತಿನ ಡಬ್ಬದಲ್ಲಿ ನೂರ ನಲವತ್ತಾರು ಕಾರ್ಡುಗಳಿದ್ದವು. ಕೋಣೆಯವರ ತಮಾಷೆಗೆ ಕೊನೆಯಿರಲಿಲ್ಲ, ಹಗಲು ಮುಚ್ಚುತ್ತಾನೆ, ಸಂಜೆ ನೋಡುತ್ತಾನೆ ಎಂದು. ಹೇಳಿಕೊಳ್ಳಲಿ ಬಿಡಿ. ಅವನಿಗೆ ಆ ಕಾಲುಗಳಲ್ಲಿ ಬೇಕಾಗಿದ್ದದ್ದು ಬೇರೆ. ಜೀವಮಾನವಿಡೀ ಯಾರದೋ ಬೆನ್ನ ಹಿಂದೆ ನಡೆದವನಿಗೆ, ಹೆದರದೆ ಮುಂದೆ ನಡೆಯುವವರನ್ನು ನೋಡುತ್ತ ಕುಳಿತರೆ ಸಾಕಾಗುತ್ತಿತ್ತು.

ಊರಿನಲ್ಲಿದ್ದ ಹೆಂಡತಿ ಪುಷ್ಪಾವತಿಗೆ ಫೋನಿನಲ್ಲಿ ಎಲ್ಲ ವರದಿ ಹೋಗುತ್ತಿತ್ತು.

"ನಿಮ್ಮ ಬ್ಯಾಂಡಿನ ಹುಡುಗಿಯರು ಸೌಖ್ಯವಾ?" ಎಂದು ಅವಳು ಕೆಣಕುವಳು.

"ಅವರ ನಡಿಗೆ ನೀನು ನೋಡಬೇಕು ಪುಷ್ಪಾ. ಹೇಳಿದರೆ ಗೊತ್ತಾಗುವಂಥದ್ದಲ್ಲ."

"ಹಾಗಾದರೆ ತನ್ನಿ ಮಾರಾಯ್ರೇ. ನಾನೂ ನೋಡ್ತೇನೆ."

ತರಲಿಲ್ಲ. ಪ್ರತಿ ರಜೆಯಲ್ಲೂ ಡಬ್ಬವನ್ನು ಪೆಟ್ಟಿಗೆಯೊಳಗೆ ಇಟ್ಟು ಮತ್ತೆ ತೆಗೆದ. ಏರ್‌ಪೋರ್ಟಿನಲ್ಲಿ ಬಿಡಿಸಿ ನೋಡಿದರೆ? ಪೂರ್ತಿ ಊರಿಗೆ ಬರುವಾಗ ತಂದೇ ತರುತ್ತೇನೆ, ಒಂದೊಂದಾಗಿ ಕೂತು ತೋರಿಸುತ್ತೇನೆ ಎಂದು ಮಾತು ಕೊಟ್ಟ. ಹದಿನೇಳು ವರ್ಷ ಗಂಡ ಎಲ್ಲೋ ಕೂತು ಏನು ಮಾಡಿದ ಎಂದರೆ ಅವಳಿಗೆ ತೋರಿಸಲು ಅವನ ಹತ್ತಿರ ಇದ್ದದ್ದು ಅದೊಂದೇ.

2011ರಲ್ಲಿ ಆ ದಿನ ಬಂತು. ಎಲ್ಲರ ಫೋನಿನಲ್ಲೂ ಎಲ್ಲರ ಕಾಲೂ ಕಾಣುವ ಕಾಲದಲ್ಲಿ ಪತ್ರಿಕೆ ಯಾರಿಗೆ ಬೇಕು? ಗೋದಾಮು ಮುಚ್ಚಿತು. ಊರಿಗೆ ಹೊರಡಲು ಹದಿನೈದು ದಿನ.

"ಡಬ್ಬ ಪೆಟ್ಟಿಗೆಯೊಳಗೆ ಹಾಕಿ ಹೋಗಿ," ಎಂದ ಹೆನ್ರಿ. "ದೇಶ ಬಿಟ್ಟು ಹೋಗುವವನ ಫೋಟೋ ಕಟ್ಟಿಕೊಂಡು ಏರ್‌ಪೋರ್ಟಿನವರಿಗೇನಾಗಬೇಕು?"

"ನಿನಗೆಂಥ ಗೊತ್ತು ಹೆನ್ರಿ? ಇಂಥ ಕಾಲಿಗೆ ಮಸಿ ಬಳಿದದ್ದಲ್ಲದೆ ಹದಿನೇಳು ವರ್ಷ ನಾನು ಮಾಡಿದ್ದು ಮತ್ತೆ ಎಂಥದ್ದು?"

"ಅಷ್ಟು ಹೆದರಿಕೆಯಾದರೆ ನನ್ನ ಹತ್ತಿರ ಬಿಟ್ಟುಹೋಗಿ. ಬರುವ ವರ್ಷ ನಾನೇ ತರ್ತೇನೆ."

"ನೀನು ಸಿಕ್ಕಿಬಿದ್ದರೆ? ನಿನ್ನ ಹೊಟ್ಟೆಗೆ ನಾನು ಮಣ್ಣು ಹಾಕಬೇಕಾ?"

ಹೊರಡುವ ವಾರದ ಶುಕ್ರವಾರ, ಮಧ್ಯಾಹ್ನ, ಹೆನ್ರಿ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿದ್ದ. ಕೊರಗಪ್ಪ ನೆಲಕ್ಕೆ ಪೇಪರು ಹಾಸಿ ಡಬ್ಬ ಬಿಚ್ಚಿದ. ಮೊಣಗಂಟಿನ ಮೇಲೆ ಸ್ವಲ್ಪ, ಒಂದು ಬೆರಳಿನಷ್ಟು ಮಾತ್ರ. ಮುಖ ಉಳಿಯುತ್ತದೆ, ಟೊಪ್ಪಿ ಉಳಿಯುತ್ತದೆ, ಕೋಲು ಉಳಿಯುತ್ತದೆ. ಏನೂ ನೋಡದಿರುವುದಕ್ಕಿಂತ ಪುಷ್ಪಾ ಇಷ್ಟಾದರೂ ನೋಡಲಿ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಮಾರ್ಕರಿನ ಮುಚ್ಚಳ ತೆಗೆದ.

ಬೆರಳಿನಷ್ಟು ಎಂದರೆ ಕೈ ಕೇಳಬೇಕಲ್ಲ! ಅಂಗೈಯಗಲದ ಫೋಟೋದಲ್ಲಿ ಆ ಕಾಲುಗಳಿದ್ದದ್ದೇ ಬೆರಳಿನಷ್ಟು. ನುಣುಪು ಕಾಗದದ ಮೇಲೆ ಮಸಿ ಹರಿದು ಬೂಟಿನ ತನಕ ಇಳಿಯಿತು. ಅಂಚು ಸರಿಯಾಗಲಿಲ್ಲವೆಂದು ಸರಿಮಾಡಿದ, ಒಂದು ತೋಳು ಕಂಡಿತೆಂದು ಅದನ್ನೂ ಮುಚ್ಚಿದ. ಒಂದೂವರೆ ಗಂಟೆಯಲ್ಲಿ ನೂರ ನಲವತ್ತಾರೂ ಮುಗಿದಿದ್ದವು.

ಹೆನ್ರಿ ಬಾಗಿಲಲ್ಲೇ ನಿಂತ. "ಅಯ್ಯೋ ದೇವಾ, ಇದೆಂಥ ಮಾಡಿದ್ದು ಮಾರಾಯ್ರೇ!"

ಕೊರಗಪ್ಪ ಕಾರ್ಡುಗಳ ಮೇಲೆ ಗಾಳಿ ಊದಿ ಒಣಗಿಸುತ್ತಿದ್ದ.

ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಮೆಷಿನಿನೊಳಗೆ ಹೋಗಿ ಆಚೆ ಬಂತು, ಅಷ್ಟೇ. ಯಾರೂ ಮುಟ್ಟಲಿಲ್ಲ. ಕೊರಗಪ್ಪನೇ ಜಿಪ್ ಎಳೆದು, ಡಬ್ಬ ಹೊರತೆಗೆದು, "ಸಾರ್, ಫೋಟೋ ಇದೆ, ಫೋಟೋ" ಎಂದು ಮುಂದೆ ಹಿಡಿದ. ಪೊಲೀಸಿನವನು ಅತ್ತ ತಿರುಗಿಯೂ ನೋಡದೆ ಹೋಗು ಹೋಗೆಂದು ಕೈ ಬೀಸಿದ. "ಯಲ್ಲಾ ಭಾಯಿ, ಯಲ್ಲಾ."

ಕಟಪಾಡಿಯ ಮನೆಯಲ್ಲಿ ಪುಷ್ಪಾವತಿ ಊಟ ಮುಗಿಸಿ, ಕೈ ಒರೆಸಿ, ಕನ್ನಡಕ ಹಾಕಿಕೊಂಡು, "ಎಲ್ಲಿ, ನಿಮ್ಮ ಹುಡುಗಿಯರನ್ನು ಕರೀರಿ" ಎಂದು ನಗುತ್ತ ಚಾವಡಿಯಲ್ಲಿ ಕುಳಿತಳು. ಮೊದಲ ಕಾರ್ಡು ನೋಡಿದಳು. ಎರಡನೆಯದು, ಮೂರನೆಯದು. ಹತ್ತಾಗುವಾಗ ನಗು ನಿಂತಿತ್ತು.

"ಎಂಥಾ ನಡಿಗೆ ಅಂತಿದ್ದಿರಲ್ಲ ಇವರೇ. ಇದರಲ್ಲಿ ನಡೆಯುವವರು ಯಾರು? ಯಾರಿಗೂ ಕಾಲೇ ಇಲ್ಲ."

ಕೊರಗಪ್ಪ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಗೆ ಬಂದದ್ದು ಅಲ್ಲಿಂದ ಹೊರಬೀಳಲಿಲ್ಲ. "ಅಲ್ಲಿಯ ಆಫೀಸಿನವನೊಬ್ಬ... ಅವನೇ ಎಲ್ಲದಕ್ಕೂ ಹಾಗೆ ಮಾಡಿಬಿಟ್ಟ."

ಪುಷ್ಪಾವತಿ ಕೈಯಲ್ಲಿದ್ದ ಕಾರ್ಡನ್ನು ಸೆರಗಿನ ತುದಿಯಿಂದ ತಿಕ್ಕಿ ನೋಡಿದಳು. ಏನೂ ಹೋಗಲಿಲ್ಲ. ಅವಳಿಗೆ ಅಳುವೇ ಬಂತು.

"ಇಷ್ಟು ವರ್ಷ ಒಂದೊಂದಾಗಿ ಕೂಡಿಟ್ಟದ್ದನ್ನು! ಹಾಳಾದವನು! ಅವನ ಕೈ ಸೇದಿಹೋಗಲಿ!"

"ಹೌದು," ಎಂದ ಕೊರಗಪ್ಪ.