ಮೂರನೆಯ ಬೇಡ

ಹೊಟ್ಟೆ ಹಸಿದಿರುವಾಗ ನಾನು ಯಾರ ಮನೆಗೂ ಹೋಗುವುದಿಲ್ಲ. ಹೋದರೆ ಹಸಿದುಕೊಂಡೇ ವಾಪಸು ಬರುತ್ತೇನೆಂದು ಗೊತ್ತು. ಅವರು ತಿಂಡಿಯ ತಟ್ಟೆ ತಂದು ಮುಂದೆ ಹಿಡಿಯುತ್ತಾರೆ, ನನ್ನ ಕಣ್ಣು ಆಗಲೇ ಬೋಂಡಾದ ಮೇಲೆ ಕೂತಿರುತ್ತದೆ, ಬಾಯಿ ಮಾತ್ರ "ಅಯ್ಯೋ ಬೇಡ ಕಣ್ರೀ, ಈಗ ತಾನೇ ಆಯ್ತು" ಎಂದುಬಿಡುತ್ತದೆ. ನಿಜ ಹೇಳಬೇಕೆಂದರೆ ಆ ಮಾತು ನನ್ನದಲ್ಲ. ಮೊದಲು ನಮ್ಮಮ್ಮನದಾಗಿತ್ತು, ಮದುವೆಯಾದ ಮೇಲೆ ನಮ್ಮತ್ತೆಯದಾಯಿತು. ಐವತ್ತು ಹತ್ತಿರ ಬಂದರೂ ನನ್ನ ಬಾಯಿ ಅವರಿಬ್ಬರ ಸುಪರ್ದಿನಲ್ಲೇ ಇದೆ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ಕೊಟ್ಟ ತಕ್ಷಣ ಕೈಚಾಚುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೊದಲನೆಯ ಬೇಡ ಸಂಕೋಚಕ್ಕೆ. ಎರಡನೆಯದು, ಮೊದಲನೆಯದನ್ನು ಬಾಯಿಮಾತಿಗೆ ಹೇಳಲಿಲ್ಲ ಎಂದು ತೋರಿಸುವುದಕ್ಕೆ. ಮೂರನೆಯ ಸಲ ಕೇಳಿದಾಗ "ನಿಮ್ಮ ಬಲವಂತಕ್ಕೆ ಒಂಚೂರು" ಎಂದು ತಟ್ಟೆ ತೆಗೆದುಕೊಂಡು ಬಳಿದು ತಿನ್ನಬಹುದು. ಕೊಡುವವರಿಗೂ ಈ ಲೆಕ್ಕ ಗೊತ್ತಿರುವುದರಿಂದ ಸಾಮಾನ್ಯವಾಗಿ ಯಾರೂ ಉಪವಾಸ ಬೀಳುವುದಿಲ್ಲ.

ಎರಡು ಮನೆಗಳ ಲೆಕ್ಕ ಬೇರೆಯಾದರೆ ಮಾತ್ರ ಫಜೀತಿ. ನನ್ನ ತವರು ಒಂಟಿಕೊಪ್ಪಲ್. ನಮ್ಮಪ್ಪ ಎರಡೇ ಸಲ ಕೇಳುವ ಮನುಷ್ಯ. ನನ್ನನ್ನು ನೋಡಲು ಚಾಮರಾಜಪುರಂನಿಂದ ಬಂದವರು ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿದವರ ಸಂತತಿ, ಮೂರಕ್ಕೆ ಮೊದಲು ಕೈ ಒಡ್ಡುವವರಲ್ಲ. ಎರಡು ಸಲ ಬೇಡ ಎಂದರು, ಅಪ್ಪ ನಂಬಿಬಿಟ್ಟರು. ಉಪ್ಪಿಟ್ಟು, ಕೇಸರಿಭಾತು ಬಂದ ದಾರಿಯಲ್ಲೇ ಒಳಗೆ ಹೋದವು. ಆಮೇಲೆ ಗಂಡಿನ ಕಡೆಯವರೆಲ್ಲ ಒಂದು ಹೋಟೆಲಿನಲ್ಲಿ ಸಾಲಾಗಿ ಕೂತು ಮಸಾಲೆ ದೋಸೆ ತಿನ್ನುತ್ತಿದ್ದುದನ್ನು ನನ್ನ ಸೋದರಮಾವ ಕಣ್ಣಾರೆ ಕಂಡು ಬಂದ. ಸಂಬಂಧವೇನೋ ಕೂಡಿಬಂತು. ಆದರೆ ಒಳಗೆ ಹೋದ ಆ ಕೇಸರಿಭಾತನ್ನು ನಮ್ಮತ್ತೆ ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಪೂಜೆಯಲ್ಲಿ ದೇವರಿಗೆ ಹದಿನಾರು ಬಗೆಯ ಉಪಚಾರ ಮಾಡುತ್ತೇವೆ. ಆಸನ ಕೊಡುತ್ತೇವೆ, ಕಾಲಿಗೆ ನೀರು ಕೊಡುತ್ತೇವೆ, ನೈವೇದ್ಯ ಇಡುತ್ತೇವೆ. ಅವನು ಒಂದಕ್ಕೂ ಬೇಡ ಎಂದದ್ದಿಲ್ಲ. ಪಾಪ, ಅಮ್ಮ, ಅತ್ತೆ ಯಾರೂ ಇಲ್ಲದವನು, ಕಲಿಸುವವರು ಯಾರು?

ನನ್ನ ಮಗಳು ಪೂರ್ವಿಗೆ ಕಲಿಸುವವರಿಗೆ ಕೊರತೆಯಿರಲಿಲ್ಲ. ನಮ್ಮತ್ತೆ ಅವಳನ್ನು ಮೂರು ವರ್ಷಕ್ಕೇ ತಾಲೀಮಿಗೆ ಹಚ್ಚಿದರು. ಪಕ್ಕದ ಮನೆಯವರು ಚಕ್ಕುಲಿ ಕೊಟ್ಟರೆ ಮಗು ಮೊದಲು ಅಜ್ಜಿಯ ಹುಬ್ಬು ನೋಡುತ್ತಿತ್ತು. ಹುಬ್ಬು ಮೂರನೆಯ ಸಲ ಇಳಿದ ಮೇಲೆಯೇ ಚಕ್ಕುಲಿಗೆ ಕೈ. ಶಾಲೆಗೆ ಸೇರಿದ ಮೇಲೆ ಮಿಸ್ಸು "ನೋ ಥ್ಯಾಂಕ್ಯೂ" ಕಲಿಸಿದರು. ಅತ್ತೆಯ ಬೇಡಕ್ಕೆ ಶಾಲೆ ಇಸ್ತ್ರಿ ಮಾಡಿ ಟೈ ಕಟ್ಟಿತು, ಅಷ್ಟೇ.

ಇಷ್ಟೆಲ್ಲ ಕಟ್ಟಿದ್ದನ್ನು ಪಿಯುಸಿಯ ಒಂದು ಬೆಂಚು ಒಂದೇ ತಿಂಗಳಲ್ಲಿ ಕೆಡವಿತು. ಪಕ್ಕದಲ್ಲಿ ಕೂರುವ ಸಿಂಚನ ಊರಿನ ಆಚೆ ತುದಿಯ ಕೆಸರೆಯ ಹುಡುಗಿ. ಆ ಬೆಂಚಿನಲ್ಲಿ ಕೇಳುವ ಪದ್ಧತಿಯೇ ಇಲ್ಲ. ಡಬ್ಬಿಯ ಮುಚ್ಚಳ ತೆಗೆದವಳಿಗಿಂತ ಮೊದಲು ಪಕ್ಕದವಳ ಕೈ ಒಳಗಿರುತ್ತದೆ. ನನ್ನ ಚಿತ್ರಾನ್ನ ಸಿಂಚನಳ ಹೊಟ್ಟೆಗೆ, ಅವಳಮ್ಮನ ಅಕ್ಕಿರೊಟ್ಟಿ ನನ್ನ ಮಗಳ ಹೊಟ್ಟೆಗೆ. ಕೇಳಿ ನಾನು ಗದರಿದೆನಾದರೂ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ನನಗೆ ಅಂಥ ಬೆಂಚು ಸಿಕ್ಕಿರಲಿಲ್ಲ.

ಒಂದು ಭಾನುವಾರ ಪೂರ್ವಿ ರೆಕಾರ್ಡ್ ಬರೆಯಲೆಂದು ಸಿಂಚನಳ ಮನೆಗೆ ಹೋದಳು. ಅವಳ ತಾಯಿ ರತ್ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ವಾರಕ್ಕೊಂದೇ ರಜೆ, ಅದನ್ನು ಮಗಳ ಸ್ನೇಹಿತೆ ಬರುತ್ತಾಳೆಂದು ಒತ್ತು ಶಾವಿಗೆಗೆ ಸುರಿದಿದ್ದರು. ಅಕ್ಕಿಹಿಟ್ಟು ಬೇಯಿಸಿ, ಬಿಸಿ ಆರುವ ಮೊದಲು ಶಾವಿಗೆ ಒರಳಿಗೆ ಹಾಕಿ, ಒಬ್ಬರು ಹಿಡಿ ಎಳೆದು ಒಬ್ಬರು ಸುತ್ತಿ, ಮನೆಮಂದಿಯೆಲ್ಲ ಬೆವರಿದರೆ ಆಗುವ ತಿಂಡಿ ಅದು. ಮೇಲೆ ಕಾಯಿಹಾಲು. ತಟ್ಟೆ ಮುಂದೆ ಬಂತು. ಹಿರಿಯರನ್ನು ಕಂಡ ಕೂಡಲೇ ಪೂರ್ವಿಗೆ ಬೆಂಚು ಮರೆತುಹೋಗಿ ಅಜ್ಜಿಯ ಹುಬ್ಬು ನೆನಪಾಗಿರಬೇಕು. "ಬೇಡ ಆಂಟಿ, ತಿಂದ್ಕೊಂಡೇ ಬಂದೆ" ಎಂದಳು. ರತ್ನಮ್ಮ ಇನ್ನೊಮ್ಮೆ ಕೇಳಿದರು. ಇವಳು ಇನ್ನೊಮ್ಮೆ ಬೇಡ ಎಂದಳು. ರತ್ನಮ್ಮ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ಮನೆಗೆ ಬಂದವಳು ನಿಂತುಕೊಂಡೇ ಚಪಾತಿ ತಿಂದಳು. ವಿಷಯ ಕೇಳಿ ನಾನು ನಕ್ಕೆ, ನಮ್ಮಪ್ಪನ ಕಥೆ ಇನ್ನೊಂದು ಸಲ ಹೇಳಿದೆ. ಮಾರನೆಯ ದಿನ ಕಾಲೇಜಿನಿಂದ ಬಂದಾಗ ಅವಳ ಮುಖ ಸಣ್ಣದಾಗಿತ್ತು. ಸಿಂಚನ ಬೆಂಚು ಬದಲಾಯಿಸಿದ್ದಳು. ಕಾರಣ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ್ದಳಂತೆ: "ಡಬ್ಬೀಲಿ ಆಯ್ತದೆ, ನಮ್ಮನೆ ತಟ್ಟೇಲಿ ಆಗಲ್ವಾ ನಿಂಗೆ?"

ನನ್ನ ನಗು ಅಲ್ಲಿಗೆ ನಿಂತಿತು. ಸಿಂಚನಳದು ಬೌದ್ಧರ ಮನೆ. ಅವಳ ಅಜ್ಜ ಅಜ್ಜಿ ಹಳ್ಳಿಯಿಂದ ಕೆಸರೆಗೆ ಬಂದು ನೆಲೆಸಿದವರು. ಹಳ್ಳಿಯಲ್ಲಿ ನಮ್ಮಂಥವರ ಜಗಲಿಯ ಕೆಳಗೆ ನಿಂತು ಬೊಗಸೆಯಲ್ಲಿ ನೀರು ಕುಡಿದವರು. ನಮ್ಮಂಥವರು ಅವರ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ, ತುಳಿದರೂ ನೀರು ಮುಟ್ಟುತ್ತಿರಲಿಲ್ಲ. ಅಂಥ ಮನೆಯಲ್ಲಿ ಚಾಮರಾಜಪುರಂನ ಹುಡುಗಿ ಕೂತು ಬೇಡ ಎಂದರೆ ಅವರು ಇನ್ನೇನು ತಿಳಿದುಕೊಳ್ಳಬೇಕು? ಪೂರ್ವಿಗೆ ಇದು ಹೊಳೆದಿರಲಿಲ್ಲ. ಶಾಲೆಯಲ್ಲಿ ಅದನ್ನು ಪಾಠವಾಗಿ ಓದಿ ಅಂಕ ತೆಗೆದಿದ್ದಳು, ಮುಗಿದುಹೋದ ಸಂಗತಿ ಎಂದುಕೊಂಡಿದ್ದಳು. ಮನೆಯಲ್ಲಿ ಬೇಡ ಎನ್ನುವುದನ್ನು ಕಲಿಸಿದ ನಾವು, ಎಲ್ಲಿ ಎನ್ನಬಾರದು ಎಂಬುದನ್ನು ಕಲಿಸಿರಲಿಲ್ಲ.

"ಮೂರನೇ ಸಲ ಕೇಳ್ತಾರೆ ಅಂದ್ಕೊಂಡಿದ್ದೆ ಅಮ್ಮ" ಎಂದು ಅತ್ತಳು. ನನಗೂ ಅಳು ಬಂತು. ಒಳ್ಳೆಯದೆಂದು ಕಲಿಸಿದ್ದೇ ಮಗಳ ಸ್ನೇಹಕ್ಕೆ ಕಲ್ಲು ಹಾಕಿತಲ್ಲ ಎಂದು ಸಂಕಟವಾಯಿತು.

ರತ್ನಮ್ಮನವರಿಗೆ ಫೋನ್ ಮಾಡಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ತಯಾರಿಸತೊಡಗಿದೆ. ನಮ್ಮ ಪದ್ಧತಿ, ಅದರ ಹಿನ್ನೆಲೆ, ಅರಮನೆಯ ಕಾಲ ಎಲ್ಲ ಬಂತು. ಕೇಳಿದವರಿಗೆ ಇನ್ನಷ್ಟು ಸಿಟ್ಟು ಬರುವ ಹಾಗಿತ್ತು. ಅಷ್ಟರಲ್ಲಿ ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದರು. ಎಂಬತ್ತು ದಾಟಿದ ಹೆಂಗಸು, ಆ ಹಳೆಯ ಜಗಲಿಗಳನ್ನು ಮೇಲೆ ಕೂತು ನೋಡಿದವರು. "ಅಲ್ಲಿ ನಮ್ಮ ಬೇಡ ನಡೆಯಲ್ಲ ಕಣೇ. ನೀನಾಗೇ ಹೋಗಿ, ಹಸಿವು ಅಂತ ಕೇಳಿ ತಿನ್ನು" ಎಂದರು. ಜೀವಮಾನದಲ್ಲಿ ಯಾರ ಮನೆಯಲ್ಲೂ ಕೇಳಿ ತಿಂದವರಲ್ಲ ಅವರು.

ಮುಂದಿನ ಭಾನುವಾರ ಪೂರ್ವಿ ಬೆಳಗಿನ ತಿಂಡಿಯನ್ನೂ ತಿನ್ನದೆ ಕೆಸರೆಯ ಬಸ್ಸು ಹತ್ತಿದಳು. ಸಿಂಚನ ಬಾಗಿಲು ತೆರೆದು ಮುಖ ತಿರುಗಿಸಿದಳಂತೆ. ಇವಳು ನೇರ ಅಡುಗೆಮನೆಗೇ ಹೋಗಿ "ಆಂಟಿ, ತುಂಬಾ ಹಸಿವಾಗ್ತಿದೆ" ಎಂದಳಂತೆ. ರತ್ನಮ್ಮ ಏನೂ ಕೇಳದೆ ಮುದ್ದೆ, ಬಸ್ಸಾರು ಹಾಕಿಕೊಟ್ಟರು. ಮುದ್ದೆ ನುಂಗಲು ಬಾರದ ಇವಳು ಅಗಿದದ್ದನ್ನು ಕಂಡು ಸಿಂಚನಳಿಗೆ ನಗು ತಡೆಯಲಾಗಲಿಲ್ಲ. ತಿನ್ನುತ್ತಲೇ ಪೂರ್ವಿ ಮೂರು ಬೇಡಗಳ ವಿಷಯ ಹೇಳಿದಳು. ಎಲ್ಲ ಕೇಳಿಸಿಕೊಂಡು ರತ್ನಮ್ಮ ಹೇಳಿದ ಮಾತನ್ನು ಮಗಳು ನನಗೆ ಹಾಗೆಯೇ ಒಪ್ಪಿಸಿದಳು. "ಎರಡು ಸಲ ಕೇಳಿದ್ದೇ ಎಚ್ಚು ಕಣವ್ವ. ಮೂರನೇ ಸಲ ಕೇಳಕ್ಕೆ ನಂಗೆ ಧೈರ್ಯ ಬರ್ಲಿಲ್ಲ."

ಸೋಮವಾರ ಸಿಂಚನ ಹಳೆಯ ಬೆಂಚಿಗೆ ಬಂದಳು. ಈಗ ನಮ್ಮ ಮನೆಗೂ ಬರುತ್ತಾಳೆ. ಬಂದವಳೇ ಡಬ್ಬ ತೆಗೆದು ಕೋಡುಬಳೆ ಹುಡುಕುತ್ತಾಳೆ. ಅತ್ತೆಯ ಹುಬ್ಬು ಮೊದಲ ಸಲ ಹಣೆಯ ತುದಿಗೇರಿತ್ತು. ಈಗ ಡಬ್ಬ ಯಾವ ಗೂಡಿನಲ್ಲಿದೆ ಎಂದು ಅವರೇ ಹೇಳುತ್ತಾರೆ.

ಮೊನ್ನೆ ರತ್ನಮ್ಮ ನನ್ನನ್ನೂ ಶಾವಿಗೆಗೆ ಕರೆದರು. ಒರಳಿನ ಹಿಡಿಗೆ ನಾನೂ ಜೋತುಬಿದ್ದೆ. ಬುದ್ಧನ ಚಿತ್ರದ ಕೆಳಗೆ ಚಾಪೆ ಹಾಸಿ ಕೂತೆವು. ತಟ್ಟೆ ಬಂದಾಗ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಮೊದಲ ಸಲಕ್ಕೇ ಕೈಚಾಚಿದೆ. ಕಾಯಿಹಾಲಿನ ರುಚಿಗೆ ಎರಡನೆಯ ಸಲವೂ ಹಾಕಿಸಿಕೊಂಡೆ. ಆಮೇಲೆ ನಿಜವಾಗಿಯೂ ಹೊಟ್ಟೆ ತುಂಬಿತು. ರತ್ನಮ್ಮ ಮತ್ತೆ ಪಾತ್ರೆ ಹಿಡಿದು ಬಂದರು. ಬೇಡ ಎಂದೆ. ಇನ್ನೊಮ್ಮೆ ಕೇಳಿದರು. ತಟ್ಟೆಗೆ ಕೈ ಅಡ್ಡ ಹಿಡಿದೆ. ಅವರು ಪಾತ್ರೆ ಹಿಡಿದುಕೊಂಡು ಹಾಗೆಯೇ ನಿಂತರು. ಹುಡುಗಿಯರಿಬ್ಬರೂ ತಿನ್ನುವುದನ್ನು ಬಿಟ್ಟು ನೋಡುತ್ತಿದ್ದರು.

"ಮೂರನೇ ಸಲ ಕೇಳ್ತಾ ಇವ್ನಿ ಕಣಕ್ಕ" ಎಂದರು ರತ್ನಮ್ಮ.

ನಾನು ಕೈ ತೆಗೆದೆ.

ಸಂಜೆ ಮನೆ ಸೇರಿದಾಗ ಅತ್ತೆ ಅವಲಕ್ಕಿ ಕಲಸಿಟ್ಟುಕೊಂಡು ಕಾಯುತ್ತಿದ್ದರು. ತಿನ್ನು ಎಂದರು, ಬೇಡ ಎಂದೆ. ಮತ್ತೆ ಕೇಳಿದರು, ಬೇಡ ಎಂದೆ. ಮೂರನೆಯ ಸಲ ತಟ್ಟೆಯನ್ನು ಕೈಗೇ ಕೊಡಲು ಬಂದರು. ಆಗಲೂ ಬೇಡ ಎಂದೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಬಾಯಿಂದ ಮೂರನೆಯ ಬೇಡ ಅವರು ಕೇಳಿದ್ದು ಅದೇ ಮೊದಲು. ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು.

"ಚೆನ್ನಾಗಿ ಬಡಿಸಿದಾರೆ ಅನ್ನು" ಎಂದು ಅವಲಕ್ಕಿಯನ್ನು ತಾವೇ ತಿನ್ನಲು ಕೂತರು.