ನಡೆದರೆ ನೋಯುವ ದವಡೆ

ಕೊತ್ತತ್ತಿಯ ಹೊನ್ನಯ್ಯ ನೀರುಗಂಟಿ. ನಾಲೆಯ ತೂಬು ಎತ್ತಿ, ಸರದಿಯಂತೆ ಒಬ್ಬೊಬ್ಬರ ಗದ್ದೆಗೂ ನೀರು ಬಿಡುವುದು ಅವನ ಕೆಲಸ. ನೀರಿನ ವಿಷಯದಲ್ಲಿ ಅವನು ಯಾರಿಗೂ ಭೇದ ಮಾಡಿದವನಲ್ಲ. ಮಾತಿನಲ್ಲಿ ಮಾತ್ರ ಯಾರನ್ನೂ ಬಿಟ್ಟವನಲ್ಲ. ಅವನು ಟೀ ಅಂಗಡಿಯ ಬೆಂಚಿನ ಮೇಲೆ ಕೂತನೆಂದರೆ ಎದ್ದು ಹೊರಟವರೂ ಇನ್ನೊಂದು ಟೀ ಹೇಳಿ ಕೂರುತ್ತಿದ್ದರು.

ಹೆಂಡತಿ ಸಣ್ಣತಾಯಮ್ಮನಿಗೆ ಅರವತ್ತೈದು ದಾಟಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ಆದರೂ ಎರಡು ಎಮ್ಮೆಗೆ ನಾಲೆ ಬದುವಿನಿಂದ ಹುಲ್ಲು ಕುಯ್ದು ತರುವುದನ್ನು ಬಿಟ್ಟಿರಲಿಲ್ಲ. ಭತ್ತದ ಕೊಯ್ಲು ನಡೆಯುತ್ತಿದ್ದಾಗ ಒಂದು ಸಂಜೆ ಹೊರೆ ಇಳಿಸಿದವಳು ಗಲ್ಲ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು.

"ನಾಲೆ ಏರಿ ಅತ್ತುವಾಗ ದವಡೆ ಇಡ್ಕತದೆ. ಕುಂತ್ರೆ ಓಯ್ತದೆ" ಅಂದಳು.

"ನಡ್ಯೋದು ಕಾಲು, ನೋಯೋದು ದವಡೆ. ಎಂಥ ಕಾಯ್ಲೆನಮ್ಮಿ ಇದು?" ಎಂದು ಹೊನ್ನಯ್ಯ ನಕ್ಕ.

ಆದರೂ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದ. ಅವರು ಹಲ್ಲಿನಲ್ಲಿ ಏನೂ ತೊಂದರೆ ಇಲ್ಲ, ವಯಸ್ಸಾಗಿದೆ, ಸಕ್ಕರೆ ಬೇರೆ ಇದೆ, ಒಂದು ಸಲ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ಹೊನ್ನಯ್ಯನ ಕಿವಿಗೆ ಬಿದ್ದದ್ದು ತೊಂದರೆ ಇಲ್ಲ ಎಂಬಷ್ಟು ಮಾತ್ರ. ಮಾರನೆಯ ದಿನ ಟೀ ಅಂಗಡಿಯಲ್ಲಿ, "ನಮ್ಮನೆಯವಳ ದವಡೆ ಅಲ್ಗೆ ಕಾಲು ಬಂದವೆ ಕಣ್ರಲಾ" ಎಂದ. ಬೆಂಚಿಗೆ ಬೆಂಚೇ ನಕ್ಕಿತು. ಸಂಜೆಯ ಹೊತ್ತಿಗೆ ಮಾತು ಹಾಲಿನ ಡೈರಿಗೂ ಹೋಗಿ, ಅಲ್ಲಿ ಕ್ಯಾನು ಹಿಡಿದು ನಿಂತಿದ್ದ ಹೆಂಗಸರು ನಿನ್ನ ಹಲ್ಲು ಇವತ್ತು ಎಲ್ಲಿಗೆ ಹೊರಟವು ಎಂದು ಸಣ್ಣತಾಯಮ್ಮನನ್ನು ಕೇಳಿದರು. ಆಕೆಯೂ ಅವರ ಜೊತೆ ನಕ್ಕಳು. ಆಮೇಲೆ ದವಡೆಯ ಸುದ್ದಿಯನ್ನು ಮನೆಯಲ್ಲಿ ಎತ್ತಲಿಲ್ಲ. ವಾಸಿಯಾಗಿರಬೇಕು ಎಂದುಕೊಂಡ ಹೊನ್ನಯ್ಯ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಕೊಟ್ಟಿಗೆಯಿಂದ ಬಂದು ಗೋಡೆಗೆ ಒರಗಿದಳು. ಅಂಥ ಚಳಿಯಲ್ಲೂ ರವಿಕೆ ಬೆವರಿಗೆ ಒದ್ದೆಯಾಗಿತ್ತು. ಹೊಟ್ಟೆ ತೊಳಸುತ್ತಿದೆ ಎಂದಳು. ಹೊನ್ನಯ್ಯ ಪಿತ್ತ ಎಂದು ನಿಂಬೆಹಣ್ಣು ಹಿಂಡಿ ಕೊಟ್ಟ. ಲೋಟ ಕೆಳಗಿಟ್ಟ ಆಕೆಯ ಕೈ ದವಡೆಯ ಕಡೆಗೆ ಹೋಯಿತು. ಗಂಡ ನೋಡುತ್ತಿದ್ದಾನೆಂದು ಗೊತ್ತಾದ ಕೂಡಲೇ ಆ ಕೈ ಸೆರಗು ಸರಿಮಾಡುವಂತೆ ಕೆಳಗಿಳಿಯಿತು. ಹೊನ್ನಯ್ಯ ಅದನ್ನು ಕಂಡ. ಕಂಡೂ, ಮಲಗಿರು, ತೂಬು ಎತ್ತಿ ಬರುತ್ತೇನೆ ಎಂದು ಹೇಳಿ ಹೊರಟುಹೋದ.

ಅವನು ಹಿಂತಿರುಗುವಾಗ ಮನೆ ಮುಂದೆ ಆಂಬುಲೆನ್ಸ್ ನಿಂತಿತ್ತು. ಸಣ್ಣತಾಯಮ್ಮ ವಾಂತಿ ಮಾಡಿಕೊಂಡು ಬಿದ್ದಿದ್ದನ್ನು ಕಂಡು ಪಕ್ಕದ ಮನೆಯ ದೇವಿರಮ್ಮ ಫೋನ್ ಮಾಡಿಸಿದ್ದಳು.

ಮಂಡ್ಯದ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ಎದೆ ನೋವಿದೆಯಾ ಎಂದು ಕೇಳಿದರು. ಆಕೆ ಇಲ್ಲವೆಂದಳು. ಈ ಮೊದಲು ನಡೆಯುವಾಗ ಉಸಿರು ಕಟ್ಟುವುದು, ತೋಳು, ಬೆನ್ನು, ದವಡೆ ಹಿಡಿಯುವುದು ಏನಾದರೂ ಇತ್ತಾ ಎಂದಾಗ ಗಂಡನ ಮುಖ ನೋಡಿದಳು.

"ಸುಗ್ಗಿಯಿಂದ್ಲೂ ಇತ್ತು ಸಾ," ಎಂದ ಹೊನ್ನಯ್ಯ. "ಏಳಿದ್ಲು. ನಾನೇ ನಗಾಡ್ಬುಟ್ಟೆ."

ಡಾಕ್ಟರು ಬೈಯಲಿಲ್ಲ. ಇದು ಹೃದಯಾಘಾತ ಎಂದರು. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವ ಹೆಂಗಸರಲ್ಲಿ, ಎದೆ ನೋಯದೆಯೇ ಇದು ಬರಬಹುದು. ಬರೀ ಬೆವರು, ಸುಸ್ತು, ವಾಂತಿ ಇರಬಹುದು. ನಡೆದಾಗ ಬಂದು ಕೂತಾಗ ಹೋಗುವ ನೋವು ದವಡೆಯಲ್ಲಿದ್ದರೂ ಮೊದಲು ಹೃದಯವನ್ನೇ ಪರೀಕ್ಷೆ ಮಾಡಿಸಬೇಕು ಎಂದು ಬಿಡಿಸಿ ಹೇಳಿದರು. ಒಂದೊಂದು ಮಾತಿಗೂ ಹೊನ್ನಯ್ಯ ತಲೆಯಾಡಿಸಿದ. ಅವರು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮೈಸೂರಿಗೆ ಸಾಗಿಸಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಆಗಲೇ ಸೋತುಹೋಗಿತ್ತು. ಇನ್ನು ಮುಂದೆ ಭಾರ ಹೊರುವ ಹಾಗಿಲ್ಲ ಎಂದರು. ಮದ್ದೂರಿನಿಂದ ಬಂದಿದ್ದ ಮಗಳು ಅರ್ಪಿತಳಿಗೆ ಹೊನ್ನಯ್ಯ ನಡೆದದ್ದನ್ನೆಲ್ಲ ಹೇಳಿದ, ಆ ಬೆಳಿಗ್ಗೆ ಕೈ ಕೆಳಗಿಳಿದದ್ದನ್ನೂ ಸೇರಿಸಿ. ಅವಳು, "ಈಗೇನ್ ಮಾಡಕ್ಕಾಯ್ತದೆ ಬುಡಪ್ಪ" ಎಂದಳು.

ಈಗ ಎಮ್ಮೆಗೆ ಹುಲ್ಲು ತರುವವನು ಅವನೇ. ಹೊರೆ ಹೊತ್ತು ಏರಿ ಹತ್ತುವಾಗ ಅವನಿಗೇ ಏದುಸಿರು ಬರುತ್ತದೆ. ಆಕೆ ಇದೇ ಏರಿಯನ್ನು ದವಡೆ ಕಚ್ಚಿಕೊಂಡು ಹತ್ತಿದಳಲ್ಲ ಎನಿಸಿ ಅರ್ಧದಲ್ಲೇ ನಿಲ್ಲುತ್ತಾನೆ. ಮನೆಗೆ ಬಂದವನೇ ಹೇಗಿದ್ದೀಯೆ, ಎಲ್ಲಾದರೂ ನೋವಿದೆಯಾ ಎಂದು ಕೇಳುತ್ತಾನೆ. ಏನಿಲ್ಲ ಅನ್ನುತ್ತಾಳೆ. ಆ ಮಾತಿನಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ.

ಒಂದು ಮಧ್ಯಾಹ್ನ ಆಕೆ ಅಡುಗೆಮನೆಯಲ್ಲಿ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಜಗಲಿಗೆ ಕೇಳಿಸಿತು. ನೀರು ಹುಯ್ದುಕೊಳ್ಳುವಾಗ ಉಸಿರು ಸಿಕ್ಕಿಕೊಂಡಂತಾಯಿತು ಎಂದು ಹೇಳುತ್ತಿದ್ದಳು. ಅಂದು ಬೆಳಿಗ್ಗೆಯೂ ಅವನು ಕೇಳಿದ್ದ. ಏನಿಲ್ಲ ಅಂದಿದ್ದಳು.

ಕೇಳಿಸಿತೆಂದು ಅವನು ತೋರಿಸಿಕೊಳ್ಳಲಿಲ್ಲ. ಚೆಕಪ್ಪಿಗೆ ಬರಹೇಳಿದ್ದಾರೆ ಎಂದು ಸುಳ್ಳು ಹೇಳಿ ಮರುದಿನವೇ ಮೈಸೂರಿನ ಬಸ್ಸು ಹತ್ತಿಸಿದ. ಡಾಕ್ಟರು, ಹೇಗಿದ್ದೀರಮ್ಮ, ಏನಾದರೂ ತೊಂದರೆ ಇದೆಯಾ ಎಂದು ಕೇಳಿದರು. ಆಕೆ ಗಂಡನ ಕಡೆ ತಿರುಗಿದಳು. ಹೊನ್ನಯ್ಯ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಒಳಗೆ ಆಕೆಯ ದನಿ ಶುರುವಾಯಿತು. ಬಹಳ ಹೊತ್ತು ಮಾತಾಡಿದಳು. ಏನು ಹೇಳಿದಳೆಂದು ಅವನಿಗೆ ಕೇಳಿಸಲಿಲ್ಲ.