ಡ್ರಾಯರಿನಲ್ಲಿ ಬಚ್ಚಿಟ್ಟ ಮೌಸ್

ಪೀಣ್ಯದ ಅಚ್ಚು ತಯಾರಿಸುವ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿಗೆ ಶ್ಯಾಮಸುಂದರರೇ ಹಿರಿಯರು. ಕೆಟ್ಟವರೇನಲ್ಲ, ಆದರೆ ಬಿಗುಮಾನ ಅಂದರೆ ಬಿಗುಮಾನ! ಅವರ ಕೈಕೆಳಗಿನ ಸುಕೃತಿ ಯುಗಾದಿ ಕಳೆದ ಮೇಲೊಮ್ಮೆ, "ಸಾರ್, ದಿನವಿಡೀ ಮೌಸ್ ಹಿಡಿದು ಮಣಿಕಟ್ಟು ನೋಯ್ತಿದೆ. ಬೇರೆ ಥರದ್ದು ಕೊಡಿಸ್ತೀರಾ?" ಎಂದು ಕೇಳಿದಾಗ ಎಲ್ಲರಿಗೂ ಕೇಳಿಸುವಂತೆ ನಕ್ಕಿದ್ದರು.

"ನಮ್ಮಪ್ಪ ಫ್ಯಾಕ್ಟರೀಲಿ ಆಯುಷ್ಯವೆಲ್ಲ ಕಬ್ಬಿಣ ಎತ್ತಿದ್ರು ಕಣಮ್ಮ. ನಿಂಗೆ ಅಂಗೈಯಗಲದ ಮೌಸ್ ಭಾರನಾ?"

ಮಳೆಗಾಲದ ಹೊತ್ತಿಗೆ ಅವರದೇ ಮಣಿಕಟ್ಟು ಹಿಡಿದುಕೊಂಡಿತು. ಸ್ನಾನದ ಚೊಂಬು ಎತ್ತುವುದೂ ಕಷ್ಟ. ಅಷ್ಟು ಮಾತಾಡಿದ ಮೇಲೆ ಯಾವ ಬಾಯಲ್ಲಿ ಹೇಳುವುದು? ಪೀಣ್ಯದವರ ಕಣ್ಣಿಗೆ ಬೀಳದಂತೆ ಮಾರತ್ತಹಳ್ಳಿಯ ಅಂಗಡಿಗೆ ಹೋದರು. ಗುಂಡು ಉರುಳಿಸುವ ಮೌಸ್ ಹಿಡಿದರೆ ಹೆಬ್ಬೆರಳು ಸೆಳೆಯಿತು. ಪೆನ್ನಿನಂಥದ್ದರಲ್ಲಿ ಗೆರೆ ನೆಟ್ಟಗೆ ಬರಲಿಲ್ಲ. ಕೊನೆಗೆ, ಕೈಕುಲುಕುವ ಹಾಗೆ ಹಿಡಿಯುವ ವರ್ಟಿಕಲ್ ಮೌಸ್, ದೊಡ್ಡ ಸೈಜಿನದು, ಅವರ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಎಲ್ಲರೂ ಊಟಕ್ಕೆ ಎದ್ದಾಗ ಅದನ್ನು ತೆಗೆದು ಬಳಸಿ, ಮತ್ತೆ ಡ್ರಾಯರಿಗೆ ತುರುಕುತ್ತಿದ್ದರು. ಥೂ, ಈ ವಯಸ್ಸಿನಲ್ಲಿ ಇದೆಂಥ ಕಳ್ಳಾಟ ಎಂದು ನಾಚಿಕೆಯಾಗುತ್ತಿತ್ತು.

ಆಯುಧಪೂಜೆ ಬಂತು. ಆ ದಿನ ಎಲ್ಲರ ಕೆಲಸದ ಸಾಮಾನೂ ಮೇಜಿನ ಮೇಲೆ ಪೂಜೆಗೆ ಕೂರಬೇಕು. ಶ್ಯಾಮಸುಂದರರ ಸ್ಕೇಲು ತೆಗೆಯಲೆಂದು ಡ್ರಾಯರ್ ಎಳೆದ ಸುಕೃತಿ, ಒಳಗಿದ್ದ ಮೌಸನ್ನೂ ತೆಗೆದು ಕುಂಕುಮವಿಟ್ಟು ಸೇವಂತಿಗೆ ಏರಿಸಿಬಿಟ್ಟಳು. ಮಂಗಳಾರತಿಗೆ ಬಂದ ಮಾಲೀಕ ದೇವರಾಜ್, "ಇದ್ಯಾರ್ದು ವಿಚಿತ್ರವಾಗಿದೆ?" ಎಂದರು.

ಶ್ಯಾಮಸುಂದರರು ತಟ್ಟನೆ ಮುಂದೆ ಬಂದರು. "ಸುಕೃತಿದು ಸಾರ್. ಅವಳಿಗೆ ಕೈನೋವಂತೆ."

ಯಾರೋ ಕಿಸಕ್ಕನೆ ನಕ್ಕರು. ಸುಕೃತಿ ಒಮ್ಮೆ ಅವರ ಮುಖ ನೋಡಿ, "ಹೌದು ಸಾರ್, ನಂದೇ" ಎಂದಳು.

ಹಬ್ಬದ ಮರುವಾರದಿಂದ ಅವಳು ಅದರಲ್ಲೇ ಕೆಲಸ ಮಾಡತೊಡಗಿದಳು. ವಾಪಸು ಕೇಳಲು ಇವರಿಗೆ ಬಾಯಿಲ್ಲ. ಒಂದು ಮಧ್ಯಾಹ್ನ ಅವಳು ಬೆರಳು ಕೊಡವಿಕೊಳ್ಳುವುದು ಕಾಣಿಸಿತು.

"ಇನ್ನೂ ನೋವಾ?"

"ಜಾಸ್ತಿ ಆಗಿದೆ ಸಾರ್. ಇದು ದೊಡ್ಡ ಸೈಜು, ನನ್ನ ಬೆರಳು ಬಟನ್‌ಗೆ ಎಟಕಲ್ಲ."

"ಮತ್ಯಾಕಮ್ಮ ಹಿಡ್ಕೊಂಡು ಒದ್ದಾಡ್ತೀಯ?"

"ಎಲ್ಲರ ಮುಂದೆ ನಂದು ಅಂದ್ಬಿಟ್ರಲ್ಲ ಸಾರ್. ಪಕ್ಕಕ್ಕಿಟ್ರೆ ನಿಮ್ಮ ಮಾತು ಸುಳ್ಳಾಗಲ್ವಾ?"

ಭೂಮಿ ಬಾಯಿಬಿಡಬಾರದೇ ಅನಿಸಿತು. ತನ್ನ ಮಾನ ಉಳಿಸಲು ಈ ಹುಡುಗಿ ಕೈ ಹಾಳು ಮಾಡಿಕೊಳ್ಳುತ್ತಿದ್ದಾಳೆ! ನೆಟ್ಟಗೆ ಮಾಲೀಕರ ಕೋಣೆಗೆ ನಡೆದರು.

"ಸಾರ್, ಆ ಮೌಸ್ ನಂದು. ಕೈ ನೋಯೋದು ನಂಗೂನೂ. ಪೂಜೆ ದಿನ ಸುಳ್ಳು ಹೇಳ್ದೆ."

ದೇವರಾಜ್ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. "ಅಷ್ಟಕ್ಕೆ ಸುಳ್ಳು ಯಾಕ್ರೀ? ಬೇಕಾದವರಿಗೆಲ್ಲ ತರಿಸಿ. ಯಾರೂ ಕೇಳಲೇ ಇಲ್ಲವಲ್ಲ?"

"ಸುಕೃತಿ ಕೇಳಿದ್ಲು ಸಾರ್. ನಾನೇ ಆ ಮಾತು ನಿಮ್ಮವರೆಗೆ ಬರೋಕೆ ಬಿಡ್ಲಿಲ್ಲ."

ಹೊರಗೆ ಬಂದು ಸ್ಕೇಲು ಹಿಡಿದು ಸುಕೃತಿಯ ಮೇಜಿನ ಪಕ್ಕ ನಿಂತರು. "ಕೈ ಇಡಮ್ಮ. ನಿನ್ನ ಅಳತೇದೇ ತರೋಣ." ಅವಳು ಅಂಗೈ ಚಾಚಿದಳು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಸ್ಕೇಲು ತಾಗಿದರೆ ನೋಯುತ್ತದೆಂದು ಅವರು ಅದನ್ನು ಅವಳ ಕೈಗಿಂತ ಸ್ವಲ್ಪ ಮೇಲೆಯೇ ಹಿಡಿದು ಅಳೆದರು.